ಟ್ರಾಮಿನ ಗಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ರಸ್ತೆಗಳಲ್ಲಿ ನಡೆದು ಪಳಗಿದವರಿಗೆ ಒಂದು ಕಿವಿ ಸದಾ ಬೆನ್ನ ಹಿಂದೆಯೇ ಇರುತ್ತದೆ. ಕಣ್ಣು ಅಂಗಡಿಯ ಸೀರೆ ನೋಡುತ್ತಿದ್ದರೂ, ಯಾವ ಸ್ಕೂಟರ್ ಫುಟ್‌ಪಾತ್ ಹತ್ತಿತು ಎಂಬ ಲೆಕ್ಕ ಆ ಕಿವಿಗೆ ಗೊತ್ತು. ಆ ಕಿವಿಯನ್ನೇ ಹೊತ್ತುಕೊಂಡು ಒಂದು ನವೆಂಬರ್ ಸಂಜೆ ನಾನು ಟರ್ಕಿಯ ಇಸ್ತಾಂಬುಲ್ ನಗರದ ಇಸ್ತಿಕ್ಲಾಲ್ ಬೀದಿಗೆ ಹೋದೆ. ಸೀರೆ, ಅದರ ಮೇಲೆ ಸ್ವೆಟರ್, ಕಾಲಿಗೆ ಬೂಟು. ವೇಷದ ಮಾತು ಬಿಡಿ.

ತಕ್ಸಿಮ್ ಚೌಕದಿಂದ ತುನೆಲ್‌ವರೆಗೆ ಸುಮಾರು 1.4 ಕಿಲೋಮೀಟರ್ ಉದ್ದದ ಬೀದಿ. 1990ರಿಂದ ಅದು ನಡೆಯುವವರ ಪಾಲಿಗೆ ಬಿಟ್ಟದ್ದು. ಇದು ಗೊತ್ತಿದ್ದೂ ನಾನು ಮೊದಲ ಹತ್ತು ನಿಮಿಷ ಗೋಡೆಗೆ ಅಂಟಿಕೊಂಡೇ ನಡೆದೆ. ನಮ್ಮನೆಯವರು, "ಮಧ್ಯಕ್ಕೆ ಬಾರೇ, ಇಲ್ಲಿ ಯಾರೂ ಗುದ್ದಲ್ಲ" ಅಂದರು. ಧೈರ್ಯ ಮಾಡಿ ಬಂದೆ. ಸರಿಯಾಗಿ ಆಗಲೇ ಹಿಂದಿನಿಂದ ಟಣ್ ಟಣ್!

ಟ್ರಾಮು. ಕೆಂಪು ಬಣ್ಣದ ಹಳೇ ಗಾಡಿ, ಹಿಂದಿನ ಮೆಟ್ಟಿಲಿಗೆ ಇಬ್ಬರು ಹುಡುಗರು ಜೋತುಬಿದ್ದಿದ್ದರು. ಊರಿನ ಈ ಭಾಗದಲ್ಲಿ 1961ರಲ್ಲೇ ಟ್ರಾಮುಗಳಿಗೆ ವಿದಾಯ ಹೇಳಿದ್ದರಂತೆ. ಕಾರುಗಳನ್ನು ಹೊರಗೆ ಹಾಕಿದ 1990ರಲ್ಲಿ, ಈ ಒಂದು ಬೀದಿಗೆ ಹಳೆಯ ಗಾಡಿಗಳನ್ನು ಮತ್ತೆ ಕರೆತಂದರು. ಈ ಟ್ರಾಮಿಗೆ ಯಾವ ಅವಸರವೂ ಇಲ್ಲ. ಜನ ಇಬ್ಭಾಗವಾಗಿ ದಾರಿ ಕೊಡುತ್ತಾರೆ. ಅದು ದಾಟಿದ ಮೇಲೆ, ಕೈಯಿಂದ ಸರಿಸಿದ ಕೆರೆಯ ಪಾಚಿಯ ಹಾಗೆ ಮತ್ತೆ ಕೂಡಿಕೊಳ್ಳುತ್ತಾರೆ.

ಆಟೊಮನ್ ಸುಲ್ತಾನರ ಕಾಲದಲ್ಲಿ ಇದು ಬರೀ 'ದೊಡ್ಡ ಬೀದಿ'. 1870ರ ಬೆಂಕಿಯಲ್ಲಿ ಸುತ್ತಲ ಪೇರಾ ಪೇಟೆಯ ಬಹುಭಾಗ ಸುಟ್ಟುಹೋಯಿತು. ಆಮೇಲೆ ಕಲ್ಲಿನ ಕಟ್ಟಡಗಳೆದ್ದವು, ಪ್ಯಾರಿಸ್ ಶೈಲಿಯ ಅಂಗಡಿಗಳು ಬಂದವು. ಗಣರಾಜ್ಯವಾದ ಮೇಲೆ ಬಂದ ಹೆಸರು ಇಸ್ತಿಕ್ಲಾಲ್, ಅಂದರೆ ಸ್ವಾತಂತ್ರ್ಯ. ಒಂದು ಕಾಲಕ್ಕೆ ಟೈ ಕಟ್ಟದೆ, ಹ್ಯಾಟು ಹಾಕದೆ ಇಲ್ಲಿಗೆ ಬರುವುದೇ ಮರ್ಯಾದೆಯಲ್ಲ ಎನ್ನುವಂತಿತ್ತೆಂದು ಹಳಬರು ನೆನೆಯುತ್ತಾರೆ. ಈಗ ಕೆಳಗಿನ ಅಂತಸ್ತಿನಲ್ಲೆಲ್ಲ ನಮ್ಮ ಮಾಲ್‌ಗಳಲ್ಲಿರುವ ಅಂಗಡಿಗಳೇ. ಅವನ್ನು ನೋಡಲು ವಿಮಾನ ಹತ್ತಬೇಕಿಲ್ಲ. ಕತ್ತು ಮೇಲೆತ್ತಿದರೆ ಮಾತ್ರ ಹಳೆಯ ಬೀದಿ ಕಾಣುತ್ತದೆ: ಕಬ್ಬಿಣದ ಬಾಲ್ಕನಿಗಳು, ಕಿಟಕಿಯ ಮೇಲೆ ಕೆತ್ತಿದ ಹೂಬಳ್ಳಿಗಳು.

ಬಂದವರಲ್ಲಿ ಚೀಲ ಹಿಡಿದವರು ಕಡಿಮೆ, ಸುಮ್ಮನೆ ಅಡ್ಡಾಡುವವರೇ ಹೆಚ್ಚು. ಕೆಂಡದ ಮೇಲೆ ಚೆಸ್ಟ್‌ನಟ್ ಸುಡುವ ಗಾಡಿಗಳಿಂದ ಹೊಗೆ ಏಳುತ್ತಿತ್ತು. ಬಾಯಿ ಬಿಟ್ಟುಕೊಂಡ ಸಿಪ್ಪೆಯೊಳಗೆ ಬೇಯಿಸಿದ ಗೆಣಸಿನಂಥ ತಿರುಳು. ಎಳ್ಳು ಮೆತ್ತಿದ, ಬಳೆಯಾಕಾರದ ಸಿಮಿತ್ ಬ್ರೆಡ್ಡೂ ತಿಂದೆವು.

ಮುಂದೆ ದೊಂದುರ್ಮಾ ಮಾರುವವನು ಸಿಕ್ಕ. ಅದು ಅವರ ಐಸ್‌ಕ್ರೀಮು. ಅದಕ್ಕೆ ಸಾಲೆಪ್ ಎಂಬ ಆರ್ಕಿಡ್ ಗೆಡ್ಡೆಯ ಪುಡಿ ಹಾಕುತ್ತಾರೆ. ಹಾಗಾಗಿ ಹಿಟ್ಟಿನಂತೆ ಎಳೆದರೆ ಎಳೆಯುತ್ತದೆ, ಬೇಗ ಕರಗುವುದಿಲ್ಲ. ಉದ್ದನೆಯ ಕಬ್ಬಿಣದ ಸಲಾಕೆಯ ತುದಿಯಲ್ಲಿ ಕೋನ್ ಅಂಟಿಸಿ ನನ್ನ ಮುಂದೆ ಹಿಡಿದ. ಕೈ ಚಾಚಿದೆ, ಸಲಾಕೆ ತಿರುಗಿತು, ಕೋನ್ ತಲೆಕೆಳಗಾಯಿತು. ಮತ್ತೆ ಚಾಚಿದೆ. ಖಾಲಿ ಕೋನ್ ಮಾತ್ರ ಕೈಗೆ ಬಂತು, ಐಸ್‌ಕ್ರೀಮು ಅವನ ಹತ್ತಿರವೇ! ಸುತ್ತ ಜನ ಸೇರಿದರು. ಐವತ್ತೆಂಟು ವರ್ಷದ ಹೆಂಗಸು ಗಾಳಿಪಟಕ್ಕೆ ಹಾರುವ ಮಗುವಿನ ಹಾಗೆ ಹಾರಾಡುತ್ತಿದ್ದೆ. ನಮ್ಮನೆಯವರು ವಿಡಿಯೋ ಮಾಡಿ ಮನೆಮಂದಿಗೆಲ್ಲ ಕಳಿಸಿಯೂ ಆಗಿತ್ತು.

ಕೊನೆಗೂ ಕೊಟ್ಟ. ಕಚ್ಚಿ ಅಗಿಯಬೇಕಾದ ಐಸ್‌ಕ್ರೀಮು. ಅದನ್ನೇ ಜಗಿಯುತ್ತಾ ತುನೆಲ್ ಕಡೆ ಹೊರಟೆ. ಅಲ್ಲಿ ಗುಡ್ಡದೊಳಗಿನಿಂದ ಕೆಳಗಿನ ಕರಕೋಯ್‌ಗೆ ಇಳಿಯುವ, 1875ರಲ್ಲಿ ಶುರುವಾದ ಪುಟ್ಟ ರೈಲು ಹತ್ತಬೇಕೆಂದು ಆಸೆಯಿತ್ತು.

ಇದ್ದಕ್ಕಿದ್ದಂತೆ ಯಾರೋ ಸೆರಗು ಹಿಡಿದು ಪಕ್ಕಕ್ಕೆ ಎಳೆದರು. ನೋಡಿದರೆ ನಮ್ಮನೆಯವರು. ಕೆಂಪು ಟ್ರಾಮು ಮೈ ಸವರಿದಂತೆ ದಾಟಿತು.

ಗಂಟೆ ಮೂರು ಸಲ ಹೊಡೆದಿತ್ತಂತೆ. ನನಗೆ ಕೇಳಿಸಿಯೇ ಇರಲಿಲ್ಲ.