ಪ್ಲೇಟ್‌ಲೆಟ್ ಎಷ್ಟಿದೆ ಅಂತ ಕೇಳುವ ಮೊದಲು

ಕೇಳುಗರಿಗೆ ನಮಸ್ಕಾರ.

ನಾನು ಹದಿನೆಂಟು ವರ್ಷದಿಂದ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಮಳೆಗಾಲ ಶುರುವಾಗಿ ಸೊಳ್ಳೆ ಜಾಸ್ತಿ ಆಗಿ ಡೆಂಗ್ಯೂ ಜ್ವರ ಬಂತು ಅಂದರೆ ನಮ್ಮ ಕಿಟಕಿಯ ಹತ್ತಿರ ಒಂದೇ ಪ್ರಶ್ನೆ. "ಮೇಡಂ, ಪ್ಲೇಟ್‌ಲೆಟ್ ಎಷ್ಟಿದೆ?" ರಿಪೋರ್ಟ್ ಪ್ರಿಂಟ್ ಆಗುವವರೆಗೂ ಯಾರಿಗೂ ತಾಳ್ಮೆ ಇರುವುದಿಲ್ಲ, ತಪ್ಪೂ ಅಲ್ಲ, ಒಳಗೆ ವಾರ್ಡಿನಲ್ಲಿ ಮಲಗಿರುವುದು ಅವರ ಮಗುವೋ ಗಂಡನೋ ಆಗಿರುತ್ತಾರೆ. ಕೆಲವರು "ಬಿಳಿ ರಕ್ತಕಣ ಕಡಿಮೆ ಆಗಿದೆಯಂತೆ" ಅನ್ನುತ್ತಾರೆ. ಬಿಳಿ ರಕ್ತಕಣವೇ ಬೇರೆ, ಗಾಯವಾದಾಗ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ಟೇ ಬೇರೆ. ನಾವೆಲ್ಲ ಅಷ್ಟೊಂದು ಹೆದರುವ ಆ ಸಂಖ್ಯೆಯ ಹಿಂದೆ ಏನಿದೆ ಅಂತ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಒಣಗಿಸಿ, ಬಣ್ಣ ಹಾಕುತ್ತೇವೆ. ಅದರ ಮೇಲೆ ಒಂದು ತೊಟ್ಟು ಎಣ್ಣೆ ಬಿಟ್ಟು ಮೈಕ್ರೋಸ್ಕೋಪಿನ ದೊಡ್ಡ ಲೆನ್ಸಿನಲ್ಲಿ ನೋಡುತ್ತೇವೆ. ತಿಳಿಗುಲಾಬಿ ಬಣ್ಣದ ದುಂಡು ದುಂಡು ಕೆಂಪು ಕಣಗಳು ಕಣ್ಣ ತುಂಬ ಇರುತ್ತವೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕಿ, ಯಾರೋ ಒಂದು ಚಿಟಿಕೆ ರಾಗಿ ಹಿಟ್ಟು ಉದುರಿಸಿದ ಹಾಗೆ. ಅದೇ ಪ್ಲೇಟ್‌ಲೆಟ್. ಕೆಂಪು ಕಣದ ಅಗಲದಲ್ಲಿ ಮೂರನೇ ಒಂದು ಪಾಲು ಇದ್ದರೆ ಹೆಚ್ಚು. ನಿಜ ಹೇಳಬೇಕು ಅಂದರೆ ಅದು ಪೂರ್ತಿ ಜೀವಕೋಶ ಕೂಡ ಅಲ್ಲ. ಮೂಳೆಯ ಮಜ್ಜೆಯಲ್ಲಿ ಮೆಗಾಕ್ಯಾರಿಯೋಸೈಟ್ ಅನ್ನುವ ದೈತ್ಯ ಕೋಶಗಳಿವೆ. ಅವು ತಮ್ಮ ಮೈಯನ್ನೇ ಉದ್ದುದ್ದ ಎಳೆಯಾಗಿ ರಕ್ತನಾಳದೊಳಗೆ ಚಾಚಿ ಚೂರು ಚೂರಾಗಿ ಉದುರಿಸುತ್ತವೆ. ಆ ಒಂದೊಂದು ಚೂರೂ ಒಂದು ಪ್ಲೇಟ್‌ಲೆಟ್. ಅದಕ್ಕೆ ನ್ಯೂಕ್ಲಿಯಸ್ ಇಲ್ಲ, ಇದನ್ನು ಸ್ವಲ್ಪ ನೆನಪಿಡಿ, ಆಮೇಲೆ ಬೇಕಾಗುತ್ತದೆ. ಆಯಸ್ಸು ಏಳರಿಂದ ಹತ್ತು ದಿನ. ನಮ್ಮ ದೇಹ ದಿನಕ್ಕೆ ಸುಮಾರು 10,000 ಕೋಟಿ ಪ್ಲೇಟ್‌ಲೆಟ್ ತಯಾರು ಮಾಡುತ್ತದೆ. ರಿಪೋರ್ಟಿನಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಅಂತ ಇರುವುದು ಸಾಸಿವೆ ಕಾಳಿನಷ್ಟು ರಕ್ತದ ಲೆಕ್ಕ.

ಈ ಸಂಖ್ಯೆ ಕೆಲವೊಮ್ಮೆ ಸುಳ್ಳೂ ಹೇಳುತ್ತದೆ. ಒಬ್ಬರು ಹಿರಿಯರು ಸುಮ್ನೆ ವರ್ಷದ ಚೆಕಪ್ಪಿಗೆ ಬಂದಿದ್ದರು. ಮಷೀನು 38,000 ಅಂತ ತೋರಿಸಿತು. ಅವರ ಮೈಮೇಲೆ ಒಂದು ಕೆಂಪು ಗುಳ್ಳೆ ಇಲ್ಲ, ಒಸಡಿನಲ್ಲಿ ರಕ್ತ ಇಲ್ಲ, ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದ ಮನುಷ್ಯ. ಸ್ಲೈಡ್ ನೋಡಿದರೆ ಪ್ಲೇಟ್‌ಲೆಟ್ಟುಗಳೆಲ್ಲ ಜೇನುಹುಳದ ಹಾಗೆ ಗುಂಪು ಗುಂಪಾಗಿ ಅಂಟಿಕೊಂಡಿದ್ದವು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಇಡಿಟಿಎ ಅನ್ನುವ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದಕ್ಕೇ ಪ್ಲೇಟ್‌ಲೆಟ್ ಗುಂಪುಗೂಡುತ್ತವೆ. ಮಷೀನಿಗೆ ಗುಂಪು ಎಣಿಸಲು ಬರುವುದಿಲ್ಲ. ಬೇರೆ ರಾಸಾಯನಿಕ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಮತ್ತೆ ರಕ್ತ ತೆಗೆದು ನೋಡಿದೆವು, ಎರಡು ಲಕ್ಷದ ಮೇಲಿತ್ತು. ಅವರ ಮಗಳು ಅಷ್ಟರಲ್ಲಿ ಹೊರಗೆ ಅಳುತ್ತಾ ಕೂತಿದ್ದಳು.

ಸರಿ, ಇವು ಮಾಡುವ ಕೆಲಸ ಏನು? 1882ರಲ್ಲಿ ಇಟಲಿಯ ಟ್ಯೂರಿನ್ ಊರಿನ ಜೂಲಿಯೋ ಬಿಜ್ಜೊಜೆರೊ ಅನ್ನುವ ವೈದ್ಯರು ಜೀವಂತ ಪ್ರಾಣಿಗಳ ಸಣ್ಣ ರಕ್ತನಾಳಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂತರು. ನಾಳಕ್ಕೆ ಗಾಯವಾದ ಜಾಗಕ್ಕೆ ಮೊದಲು ಬಂದು ಅಂಟಿಕೊಂಡದ್ದು ಈ ಪುಡಿ ಕಣಗಳೇ. ಅದಕ್ಕೆ ಮೊದಲು ಇವನ್ನು ಕಂಡವರೂ ಇದ್ದರು, ಆದರೆ ಇವಕ್ಕೊಂದು ಸ್ವಂತ ಕೆಲಸ ಇದೆ ಅಂತ ತೋರಿಸಿಕೊಟ್ಟವರು ಅವರು.

ಈಳಿಗೆಮಣೆಯಲ್ಲಿ ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿರಿ ಅನ್ನಿ. ರಕ್ತನಾಳದ ಒಳಮೈ ಮಾಮೂಲಿಯಾಗಿ ನುಣುಪು, ಅಲ್ಲಿಂದ ಪ್ಲೇಟ್‌ಲೆಟ್ಟುಗಳಿಗೆ "ಸುಮ್ಮನೆ ಹೋಗಿ" ಅನ್ನುವ ಸಂದೇಶ ಸದಾ ಹೋಗುತ್ತಿರುತ್ತದೆ. ಅದು ಕಿತ್ತು ಹೋದ ಕೂಡಲೇ ಕೆಳಗಿನ ಕೊಲ್ಯಾಜನ್ ನಾರು ಹೊರಗೆ ಬೀಳುತ್ತದೆ. ರಕ್ತದಲ್ಲಿ ಸುರುಳಿ ಸುತ್ತಿಕೊಂಡು ತೇಲುವ ಒಂದು ಪ್ರೋಟೀನ್ ಇದೆ, ಹೆಸರು ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್. ಅದು ಆ ನಾರಿಗೆ ಸಿಕ್ಕಿಕೊಂಡು, ರಕ್ತದ ಸೆಳೆತಕ್ಕೆ ಹಗ್ಗದ ಹಾಗೆ ಬಿಚ್ಚಿಕೊಂಡು, ಓಡುವ ಪ್ಲೇಟ್‌ಲೆಟ್ಟನ್ನು ಹಿಡಿದು ನಿಲ್ಲಿಸುತ್ತದೆ. ನಿಂತ ಪ್ಲೇಟ್‌ಲೆಟ್ ಕೆಲವೇ ಕ್ಷಣದಲ್ಲಿ ಆಕಾರ ಬದಲಿಸಿ ನಾಲ್ಕೂ ಕಡೆ ಕಾಲು ಚಾಚುತ್ತದೆ. ಹೊಟ್ಟೆಯೊಳಗಿನ ಪುಟ್ಟ ಚೀಲಗಳಲ್ಲಿದ್ದ ರಾಸಾಯನಿಕಗಳನ್ನು ಹೊರಗೆ ಸುರಿಯುತ್ತದೆ, ಎಡಿಪಿ, ಸೆರೊಟೋನಿನ್, ಕ್ಯಾಲ್ಸಿಯಂ ಎಲ್ಲ. ಥ್ರಾಂಬಾಕ್ಸೇನ್ ಅನ್ನುವ ವಸ್ತು ತಯಾರಿಸಿ ಪಕ್ಕದಲ್ಲಿ ಹೋಗುತ್ತಿದ್ದವರನ್ನೂ ಕರೆಯುತ್ತದೆ. ಬಂದವು ರಕ್ತದಲ್ಲಿರುವ ಫೈಬ್ರಿನೋಜೆನ್ ಅನ್ನುವ ಪ್ರೋಟೀನ್ ಹಿಡಿದು ಒಂದಕ್ಕೊಂದು ಕೈ ಜೋಡಿಸುತ್ತವೆ. ಅವುಗಳ ಮೈಮೇಲೆಯೇ ಹೆಪ್ಪುಗಟ್ಟಿಸುವ ಉಳಿದ ಪ್ರೋಟೀನ್‌ಗಳು ಕೆಲಸ ಶುರು ಮಾಡಿ, ಥ್ರಾಂಬಿನ್ ಅನ್ನುವ ಕಿಣ್ವ ಹುಟ್ಟಿ, ಆ ಫೈಬ್ರಿನೋಜೆನ್ನಿನಿಂದ ಫೈಬ್ರಿನ್ ಎಳೆಗಳ ಬಲೆ ಹೆಣೆದುಕೊಳ್ಳುತ್ತದೆ.

ಬಲೆ ಹೆಣೆದ ಮೇಲೂ ಕೆಲಸ ಮುಗಿಯಲಿಲ್ಲ. ಖಾಲಿ ಗಾಜಿನ ಟ್ಯೂಬಿಗೆ ರಕ್ತ ಹಾಕಿ ಇಟ್ಟರೆ ಮೊದಲು ಇಡೀ ಟ್ಯೂಬು ಕೆಂಪು ಜೆಲ್ಲಿಯ ಹಾಗೆ ಗಟ್ಟಿಯಾಗುತ್ತದೆ. ಒಂದೆರಡು ಗಂಟೆ ಬಿಟ್ಟು ನೋಡಿ, ಆ ಗಡ್ಡೆ ಅಂಚು ಬಿಟ್ಟು ಕುಗ್ಗಿರುತ್ತದೆ, ಸುತ್ತ ತೆಳು ಹಳದಿ ನೀರು ನಿಂತಿರುತ್ತದೆ. ಗಡ್ಡೆಯನ್ನು ಹಿಂಡಿ ಬಿಗಿ ಮಾಡಿದ್ದು ಪ್ಲೇಟ್‌ಲೆಟ್ಟುಗಳೇ. ನಮ್ಮ ತೋಳಿನ ಸ್ನಾಯು ಎಳೆಯುವುದು ಯಾವ ಪ್ರೋಟೀನ್‌ಗಳಿಂದಲೋ ಅಂಥವೇ ಅವುಗಳೊಳಗೂ ಇವೆ. ಗಾಯದ ಎರಡು ಬದಿ ಹತ್ತಿರ ಬರುವುದಕ್ಕೂ ಈ ಎಳೆತ ನೆರವಾಗುತ್ತದೆ. ಎಷ್ಟು ವರ್ಷ ನೋಡಿದರೂ ನನಗೆ ಇದು ಸಾಕು ಅನ್ನಿಸಿಲ್ಲ.

ವಾನ್ ವಿಲ್ಲೆಬ್ರಾಂಡ್ ಅಂದೆನಲ್ಲ, ಅದು ಫಿನ್‌ಲೆಂಡಿನ ವೈದ್ಯರ ಹೆಸರು. 1924ರಲ್ಲಿ ಅವರ ಹತ್ತಿರ ಆಲಂಡ್ ದ್ವೀಪಗಳಿಂದ ಐದು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಸಣ್ಣ ಗಾಯಕ್ಕೂ ರಕ್ತ ನಿಲ್ಲುತ್ತಿರಲಿಲ್ಲ, ಅವಳ ಒಡಹುಟ್ಟಿದವರಲ್ಲಿ ಕೆಲವರು ರಕ್ತಸ್ರಾವದಿಂದಲೇ ತೀರಿಕೊಂಡಿದ್ದರು. ಪ್ಲೇಟ್‌ಲೆಟ್ ಎಣಿಕೆ ನೋಡಿದರೆ ಸರಿಯಾಗೇ ಇತ್ತು! ಅಂಟಿಸುವ ಆ ಪ್ರೋಟೀನ್ ಇರಲಿಲ್ಲ, ಅಷ್ಟೇ. ಮುಂದೆ 13ನೇ ವಯಸ್ಸಿಗೆ ಆ ಹುಡುಗಿ ಮುಟ್ಟಿನ ರಕ್ತಸ್ರಾವ ನಿಲ್ಲದೆ ಸತ್ತಳು. ನಮ್ಮ ಮನೆಗಳಲ್ಲೂ "ಅವಳಿಗೆ ಜಾಸ್ತಿ ಹೋಗುತ್ತದೆ, ವಂಶದಲ್ಲೇ ಹಾಗೆ, ಅವಳಮ್ಮನಿಗೂ ಹಾಗೇ ಇತ್ತು" ಅಂತ ಬಿಟ್ಟುಬಿಡುತ್ತಾರೆ. ಅಮ್ಮಂದಿರೇ, ವಂಶದಲ್ಲೇ ಇದೆ ಅನ್ನುವುದೇ ಪರೀಕ್ಷೆ ಮಾಡಿಸಲು ಕಾರಣ. ಎಣಿಕೆ ಸರಿ ಇದೆ ಅಂತ ಅಲ್ಲಿಗೆ ನಿಲ್ಲಿಸಬೇಡಿ, ಇದಕ್ಕೆ ಬೇರೆ ಪರೀಕ್ಷೆ ಇದೆ, ಔಷಧಿಯೂ ಇದೆ.

ಬೆರಳಿನಲ್ಲಿ ಜೀವ ಉಳಿಸುವ ಇದೇ ಕೆಲಸ ಹೃದಯದ ರಕ್ತನಾಳದಲ್ಲಿ ನಡೆದರೆ ಹಾರ್ಟ್ ಅಟ್ಯಾಕ್. ನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಉಬ್ಬಿರುತ್ತದೆ. ಒಂದು ದಿನ ಆ ಉಬ್ಬಿನ ಮುಚ್ಚಳ ಬಿರಿಯುತ್ತದೆ. ಪ್ಲೇಟ್‌ಲೆಟ್ಟಿಗೆ ಇದು ಈಳಿಗೆ ಗಾಯವೋ ಕೊಬ್ಬಿನ ಬಿರುಕೋ ಗೊತ್ತಾಗುವುದಿಲ್ಲ, ಒಳಗಿನ ನಾರು ಕಂಡಿತು, ಓಡಿ ಬಂದು ಮುಚ್ಚುತ್ತದೆ. ಮೂರು ನಾಲ್ಕು ಮಿಲಿಮೀಟರ್ ನಾಳ, ಅದರೊಳಗೆ ಹೆಪ್ಪು. ಕಾಲಿನ ಸಿರೆಗಳಲ್ಲಿ ಕಟ್ಟುವ ಹೆಪ್ಪು ಸ್ವಲ್ಪ ಬೇರೆ ಥರ, ಅದರಲ್ಲಿ ಫೈಬ್ರಿನ್ ಮತ್ತು ಕೆಂಪು ಕಣ ಜಾಸ್ತಿ, ಅದಕ್ಕೆ ಕೊಡುವ ಔಷಧಿಯೂ ಬೇರೆ.

ಇಲ್ಲಿ ಆಸ್ಪಿರಿನ್ ಬರುತ್ತದೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಕ್ರೇವನ್ ಅನ್ನುವ ಸಾಮಾನ್ಯ ಡಾಕ್ಟರು, ಟಾನ್ಸಿಲ್ ತೆಗೆಸಿಕೊಂಡವರು ನೋವಿಗೆ ಆಸ್ಪಿರಿನ್ ಗಮ್ ಜಾಸ್ತಿ ಅಗಿದರೆ ರಕ್ತ ನಿಲ್ಲುತ್ತಿಲ್ಲ ಅಂತ ಗಮನಿಸಿದರು. ಹಾಗಾದರೆ ಹೃದಯದಲ್ಲಿ ಹೆಪ್ಪು ಕಟ್ಟುವುದನ್ನೂ ಇದು ತಡೆಯಬಹುದಲ್ವಾ ಅಂತ ಯೋಚಿಸಿ 1950ರ ಹೊತ್ತಿಗೇ ಬರೆದರು. ಯಾರೂ ಹೆಚ್ಚು ಕಿವಿಗೊಡಲಿಲ್ಲ. 1988ರಲ್ಲಿ 17 ಸಾವಿರಕ್ಕೂ ಹೆಚ್ಚು ಹಾರ್ಟ್ ಅಟ್ಯಾಕ್ ರೋಗಿಗಳ ಮೇಲೆ ಮಾಡಿದ ದೊಡ್ಡ ಅಧ್ಯಯನ ಬಂತು. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಐದು ವಾರದೊಳಗಿನ ಸಾವು ಸುಮಾರು ನಾಲ್ಕನೇ ಒಂದು ಭಾಗ ಕಡಿಮೆಯಾಗಿತ್ತು. ಆಸ್ಪಿರಿನ್ ಥ್ರಾಂಬಾಕ್ಸೇನ್ ತಯಾರಾಗುವ ಕಿಣ್ವವನ್ನು ಕೆಡಿಸುತ್ತದೆ. ಬೇರೆ ಕೋಶವಾದರೆ ಹೊಸ ಕಿಣ್ವ ಮಾಡಿಕೊಳ್ಳುತ್ತದೆ. ಪ್ಲೇಟ್‌ಲೆಟ್ಟಿಗೆ ನ್ಯೂಕ್ಲಿಯಸ್ ಇಲ್ಲವಲ್ಲ, ಬದುಕಿರುವಷ್ಟು ದಿನ ಅದು ಹಾಗೇ.

ನಮ್ಮ ಚಿಕ್ಕಪ್ಪನಿಗೆ ಹೃದಯದ ನಾಳ ತೆರೆದಿಡುವ ಸ್ಟೆಂಟ್ ಹಾಕಿ ನಾಲ್ಕು ತಿಂಗಳಾಗಿತ್ತು. ಹಲ್ಲು ಕೀಳಿಸಬೇಕಿತ್ತು. ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸದಿದ್ದರೆ ರಕ್ತ ನಿಲ್ಲಲ್ಲ ಅಂತ ಯಾರೋ ಹೇಳಿದರಂತೆ. ಡಾಕ್ಟರಿಗೆ ಒಂದು ಫೋನೂ ಮಾಡದೆ ಆಸ್ಪಿರಿನ್, ಅದರ ಜೊತೆಗಿನ ಇನ್ನೊಂದು, ಎರಡೂ ಮಾತ್ರೆ ನಿಲ್ಲಿಸಿಬಿಟ್ಟರು. ನನ್ನನ್ನೂ ಕೇಳಲಿಲ್ಲ, ಕೇಳಿದ್ದರೆ ಅನ್ನುವುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಒಂಬತ್ತನೇ ದಿನ ಎದೆ ನೋವು, ಸ್ಟೆಂಟಿನೊಳಗೇ ಹೆಪ್ಪು. ದಿನಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ಹೊಸ ಪ್ಲೇಟ್‌ಲೆಟ್ ಬರುತ್ತವೆ, ಒಂಬತ್ತು ದಿನಕ್ಕೆ ಹೆಚ್ಚುಕಡಿಮೆ ಎಲ್ಲವೂ ಮಾತ್ರೆ ಮುಟ್ಟದ ಹೊಸಬರು. ಬೇಗ ಆಸ್ಪತ್ರೆ ಸೇರಿದ್ದಕ್ಕೆ ಉಳಿದರು. ದಯವಿಟ್ಟು, ಸ್ಟೆಂಟ್ ಹಾಕಿಸಿಕೊಂಡವರು ನಿಮ್ಮ ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ. ಹಾಗೆಯೇ ಏನೂ ಇಲ್ಲದವರು "ಒಳ್ಳೆಯದಂತೆ" ಅಂತ ತಾವಾಗಿಯೇ ಶುರು ಮಾಡಬೇಡಿ, ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವ ಆಗಬಹುದು.

ಪ್ಲೇಟ್‌ಲೆಟ್ಟಿನ ಇನ್ನೊಂದು ಕೆಲಸ ಜನರಿಗೆ ಗೊತ್ತಿರುವುದು ಕಡಿಮೆ. ಗಾಯ ಅಂದರೆ ಕ್ರಿಮಿ ಒಳಗೆ ನುಗ್ಗುವ ಬಾಗಿಲೂ ಹೌದಲ್ವಾ? ಅದಕ್ಕೇ ಪ್ಲೇಟ್‌ಲೆಟ್ ಮುಚ್ಚುವುದರ ಜೊತೆಗೆ ಕಾವಲಿನವರನ್ನೂ ಕೂಗುತ್ತದೆ. ಎಚ್ಚೆತ್ತ ಪ್ಲೇಟ್‌ಲೆಟ್ಟಿನ ಮೈಮೇಲೆ ಪಿ-ಸೆಲೆಕ್ಟಿನ್ ಅನ್ನುವ ಕೊಕ್ಕೆ ಬರುತ್ತದೆ, ಅದರಿಂದ ಬಿಳಿ ರಕ್ತಕಣಗಳನ್ನು ಹಿಡಿದು ಎಬ್ಬಿಸುತ್ತದೆ. ಹಾಗೆ ಎದ್ದ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳು ತಮ್ಮ ಡಿಎನ್‌ಎಯನ್ನೇ ಬಲೆಯಾಗಿ ಬೀಸಿ ಬ್ಯಾಕ್ಟೀರಿಯಾ ಹಿಡಿಯುತ್ತವೆ. ಆದರೆ ಆ ಬಲೆಗೆ ಮತ್ತೆ ಪ್ಲೇಟ್‌ಲೆಟ್ ಅಂಟುತ್ತವೆ, ಹೆಪ್ಪು ಬೆಳೆಯುತ್ತದೆ, ಉರಿಯೂತವೂ ಬೆಳೆಯುತ್ತದೆ. ಕೋವಿಡ್ ಜೋರಾದವರ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಹೆಪ್ಪು ಕಟ್ಟಿದ್ದರಲ್ಲಿ ಇದೂ ಒಂದು ಕಾರಣ. ರುಮಟಾಯ್ಡ್ ಸಂಧಿವಾತದವರ ಮಂಡಿಯ ನೀರಿನಲ್ಲಿ ಕೂಡ ಪ್ಲೇಟ್‌ಲೆಟ್ಟಿನ ಚೂರುಗಳು ಸಿಕ್ಕಿವೆ. ಮಗುವಿಗೆ ಸೋಂಕು ಇದ್ದಾಗ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಆರು ಲಕ್ಷ ಇದ್ದರೆ ಗಾಬರಿಯಾಗಬೇಡಿ, ಉರಿಯೂತ ಇದ್ದಾಗ ಮಜ್ಜೆ ಹೆಚ್ಚು ತಯಾರಿಸುತ್ತದೆ, ಬಹಳ ಸಲ ಸೋಂಕು ಹೋದ ಮೇಲೆ ತಾನಾಗಿ ಇಳಿಯುತ್ತದೆ.

ಈಗ ಡೆಂಗ್ಯೂಗೆ ಬರೋಣ. ಡೆಂಗ್ಯೂನಲ್ಲಿ ಪ್ಲೇಟ್‌ಲೆಟ್ ಇಳಿಯುವುದು ನಿಜ. ಆದರೆ ಹೆಚ್ಚು ಜನರ ಪ್ರಾಣಕ್ಕೆ ಕುತ್ತು ತರುವುದು ರಕ್ತನಾಳಗಳಿಂದ ನೀರಿನಂಶ ಸೋರಿ ಬಿಪಿ ಕುಸಿಯುವುದು. ಅದು ಸಾಮಾನ್ಯವಾಗಿ ಜ್ವರ ಬಿಡುವ ಹೊತ್ತಿನಲ್ಲೇ, "ಸದ್ಯ, ಜ್ವರ ಬಿಡ್ತು" ಅಂತ ಮನೆಯವರು ಉಸಿರು ಬಿಡುವಾಗ ಆಗುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ಪಿಸಿವಿ ಅನ್ನುವ ಸಾಲನ್ನೂ ನೋಡಿ. ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಅದು ಹೇಳುತ್ತದೆ, ನೀರಿನಂಶ ಸೋರಿದರೆ ಏರುತ್ತದೆ. ಅದು ಏರುತ್ತಿದೆಯಾ ಅಂತ ಡಾಕ್ಟರನ್ನು ಕೇಳಿ. ಹೊಟ್ಟೆ ನೋವು, ಬಿಡದ ವಾಂತಿ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಇವಿದ್ದರೆ ಪಪ್ಪಾಯ ಎಲೆ ರಸ ಕುಡಿಸಿಕೊಂಡು ಮನೆಯಲ್ಲಿ ಕೂರಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ. ಇನ್ನು 40,000ಕ್ಕೆ ಬಂತು, ಪ್ಲೇಟ್‌ಲೆಟ್ ಹಾಕಿ ಅಂತ ಡಾಕ್ಟರ ಮೇಲೆ ಒತ್ತಾಯ ಮಾಡುವವರನ್ನು ಪ್ರತಿ ವರ್ಷ ನೋಡುತ್ತೇನೆ. ಸಿಂಗಪುರ, ಮಲೇಷ್ಯಾಗಳಲ್ಲಿ ಡೆಂಗ್ಯೂ ಬಂದ ದೊಡ್ಡವರ ಮೇಲೆ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. 20,000 ಅಥವಾ ಅದಕ್ಕಿಂತ ಕಡಿಮೆ ಇದ್ದರೂ ರಕ್ತಸ್ರಾವ ಇಲ್ಲದವರಿಗೆ ಮುಂಚಿತವಾಗಿ ಪ್ಲೇಟ್‌ಲೆಟ್ ಕೊಟ್ಟದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಾಯಿತು.

ಹಾಗಾದರೆ ದಾನಿಗಳಿಂದ ಬರುವ ಪ್ಲೇಟ್‌ಲೆಟ್ ಚೀಲ ಯಾರಿಗೆ ಬೇಕು ಅಂತಲೂ ಹೇಳಿಬಿಡುತ್ತೇನೆ. ಕೆಂಪು ರಕ್ತವನ್ನು ಫ್ರಿಜ್ಜಿನಲ್ಲಿ ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್ಟಿಗೆ ಫ್ರಿಜ್ ಆಗುವುದಿಲ್ಲ, 20ರಿಂದ 24 ಡಿಗ್ರಿಯಲ್ಲಿ, ತೊಟ್ಟಿಲು ತೂಗುವ ಹಾಗೆ ಹಗಲೂ ರಾತ್ರಿ ಅಲುಗಾಡಿಸುವ ಮಷೀನಿನ ಮೇಲೆ ಇಡಬೇಕು, ಅದೂ ಐದೇ ದಿನ. ಕೀಮೋ ನಡೆಯುತ್ತಿರುವ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಕೆಲವೊಮ್ಮೆ ವಾರಕ್ಕೆ ಎರಡು ಮೂರು ಸಲ ಬೇಕಾಗುತ್ತದೆ, ಅವರ ಮಜ್ಜೆಯಲ್ಲಿ ಸಾಕಷ್ಟು ತಯಾರಾಗುವುದಿಲ್ಲ. ಕೊಡುವ ಮೊದಲು ನಾವು ಚೀಲವನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಓಲಾಡಿಸುತ್ತೇವೆ. ಪ್ಲೇಟ್‌ಲೆಟ್ಟುಗಳು ಚೆನ್ನಾಗಿ ತಟ್ಟೆಯ ಆಕಾರದಲ್ಲೇ ಇದ್ದರೆ ಆ ಹಳದಿ ನೀರಿನೊಳಗೆ ರೇಷ್ಮೆ ಸೀರೆಯ ಮಡಿಕೆ ತಿರುಗಿದ ಹಾಗೆ ಒಂದು ಹೊಳಪು ಸುಳಿಯುತ್ತದೆ. ಅದು ಕಂಡ ಮೇಲೆ ಚೀಲವನ್ನು ವಾರ್ಡಿಗೆ ಕಳಿಸುತ್ತೇವೆ.

ನಮಸ್ಕಾರ.