ಮೊದಲು ತಲೆಗೆ ನೀರು ಬೀಳ್ಲಿ, ಆಮೇಲೆ ಸ್ಟಾರ್ ಕೇಳಿ

ನಮಸ್ಕಾರ, ಮುಂಬೈ ಹತ್ತಿರದ ಡೊಂಬಿವಲಿಯಿಂದ. ಇವತ್ತು ವಿಡಿಯೋ ಇಲ್ಲ, ಬರೀ ಸ್ವರ. ಯಾಕೆ ಅಂದ್ರೆ ನನ್ನ ತಲೆ ಈಗ ಎಣ್ಣೆ ಸವರಿದ ಬಾಳೆ ಎಲೆ ಹಾಗೆ ಉಂಟು, ನೆತ್ತಿಗೆ ಅಂಟಿ ಕೂತಿದೆ. ಭಾನುವಾರ ಪಾರ್ಲರಿನಲ್ಲಿ ಕೆರಟಿನ್ ಮಾಡಿಸಿಕೊಂಡೆ, ಅದೇ ಕೂದಲನ್ನ ನಯ, ನೆಟ್ಟಗೆ ಮಾಡ್ತಾರಲ್ಲ, ಅದು. ಮೂರು ದಿನ ನೀರು ತಾಗಿಸ್ಬಾರ್ದಂತೆ, ಕ್ಲಿಪ್ ಹಾಕ್ಬಾರ್ದಂತೆ, ಕಿವಿ ಹಿಂದೆ ಸಿಕ್ಕಿಸ್ಬಾರ್ದಂತೆ. ಬೆಳಿಗ್ಗೆ ಎಂಟೂವರೆಗೆ ಲೋಕಲ್ ರೈಲಿನ ಲೇಡೀಸ್ ಡಬ್ಬ ಹತ್ತುವವಳಿಗೆ ಕೂದಲು ಕಟ್ಬೇಡ ಅಂತ ಹೇಳಿದ್ದು! ನಿನ್ನೆ ದಿವಾ ಸ್ಟೇಷನ್ ದಾಟುವಷ್ಟರಲ್ಲಿ ನನ್ನ ಅರ್ಧ ಕೂದಲು ಯಾರದೋ ಬ್ಯಾಗಿನ ಝಿಪ್ಪಿನಲ್ಲಿತ್ತು.

ಅದಿರಲಿ, ನನ್ನ ಸಿಟ್ಟು ಕೂದಲಿನ ಮೇಲಲ್ಲ.

ಕುತ್ತಿಗೆಗೆ ಕಟ್ಟಿದ ಕಪ್ಪು ಬಟ್ಟೆ ಇನ್ನೂ ಬಿಚ್ಚಿರ್ಲಿಲ್ಲ ಮಾರಾಯ್ರೇ. ಕೂದಲು ಇನ್ನೂ ಬಿಸಿ ಇತ್ತು, ಇಸ್ತ್ರಿ ಪೆಟ್ಟಿಗೆ ಈಗಷ್ಟೇ ಎತ್ತಿಟ್ಟಿದ್ರು. ಅಷ್ಟರಲ್ಲಿ ಪಾರ್ಲರಿನ ಹುಡುಗಿ ಗೂಗಲ್ ರಿವ್ಯೂವಿನ ಒಂದು ಕ್ಯೂಆರ್ ಕೋಡಿನ ಹಲಗೆ ಹಿಡ್ಕೊಂಡು ನಿಂತಳು. "ಮೇಡಂ, ಫೈವ್ ಸ್ಟಾರ್ ದ್ಯಾ ನಾ. ಮಾಝಂ ನಾವ್ ಪಣ್ ಲಿಹಾ." ಐದು ಸ್ಟಾರ್ ಕೊಡಿ, ನನ್ನ ಹೆಸರೂ ಬರೀರಿ. ನಾನು ಸ್ಕ್ಯಾನ್ ಮಾಡೋದನ್ನ ಅವಳು ನೋಡ್ತಾ ಇದ್ದಾಳೆ, ಅವಳನ್ನ ಗಲ್ಲಾಪೆಟ್ಟಿಗೆಯಿಂದ ಓನರಮ್ಮ ನೋಡ್ತಾ ಇದ್ದಾರೆ. ನಾನು ಕನ್ನಡಿಯಲ್ಲಿ ಇಬ್ಬರನ್ನೂ ನೋಡ್ತಾ ಇದ್ದೇನೆ. ಹೀಗೆ ಮೂರು ಕಡೆಯಿಂದ ಕಣ್ಣು ನೆಟ್ಟಿರುವಾಗ ಯಾವ ಗಂಡೆದೆಯವಳು ಮೂರು ಸ್ಟಾರ್ ಒತ್ತುತ್ತಾಳೆ? ಕೊಟ್ಟೆ. ಐದು ಕೊಟ್ಟೆ. "ವೆರಿ ನೈಸ್ ಸರ್ವಿಸ್" ಅಂತ ಬೇರೆ ಬರೆದೆ. ಈ ಚಾನೆಲ್‌ನಲ್ಲಿ ವಾರಕ್ಕೆ ಎರಡು ಸಲ ಅಭಿಪ್ರಾಯ ಹೇಳಿ ಹೊಟ್ಟೆ ಹೊರೆಯುವ ನಾನು, ನನ್ನ ಅಭಿಪ್ರಾಯ ಏನು ಅಂತ ನನಗೇ ಗೊತ್ತಿಲ್ಲದಾಗ ಸಹಿ ಹಾಕಿ ಬಂದೆ.

ಹಾಗಾಗಿ ಇವತ್ತು ಒಂದೇ ಮಾತು ಹೇಳ್ತೇನೆ. ತಲೆಗೆ ನೀರು ಬೀಳುವ ಮೊದಲು ರಿವ್ಯೂ ಕೇಳ್ಬೇಡಿ.

ನೋಡಿ, ಮೂರು ದಿನ ತೊಳೀಬೇಡಿ ಅಂತ ಹೇಳುವವರು ಅವರೇ. ಅಂದ್ರೆ ಕೆಲಸ ಕೂತಿದೆಯಾ ಇಲ್ವಾ ಅಂತ ಗೊತ್ತಾಗೋದಕ್ಕೆ ಮೂರು ದಿನ ಬೇಕು ಅಂತ ಅವರಿಗೂ ಗೊತ್ತು. ರಿವ್ಯೂ ಮಾತ್ರ ಮೂರನೇ ನಿಮಿಷಕ್ಕೆ ಬೇಕು! ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರು ಅನ್ನೋದು ಇದಕ್ಕೇ. ಇವರು ಕುಲಾವಿ ಹೊಲಿಸಿ, ಕೂಸು ಬಹಳ ಚೆಂದ ಉಂಟು ಅಂತ ಗೂಗಲ್‌ನಲ್ಲಿ ನಮ್ಮ ಕೈಯಲ್ಲೇ ಬರೆಸ್ತಾರೆ.

ಈ ಮಾತನ್ನೇ ಸೋಮವಾರ ಒಂದು ಸಣ್ಣ ಕ್ಲಿಪ್ಪಿನಲ್ಲಿ ಹೇಳಿದ್ದೆ. ಮೀರಾ ರೋಡಿನಲ್ಲಿ ಪಾರ್ಲರ್ ನಡೆಸುವ ನಮ್ಮೂರಿನ ಕಡೆಯ ಒಬ್ಬರು ಅಕ್ಕ ಕಾಮೆಂಟ್ ಹಾಕಿದ್ರು: "ಮನೆಗೆ ಹೋದ ಮೇಲೆ ಖುಷಿಯಾದವರು ಯಾರೂ ಬರೆಯುವುದಿಲ್ಲ. ಸಿಟ್ಟಾದವರು ಮಾತ್ರ ಬರೀತಾರೆ. ನಮ್ಮ ಬಾಡಿಗೆ ನೀವು ಕಟ್ತೀರಾ?"

ಇಲ್ಲ ಅಕ್ಕ, ನನ್ನ ಬಾಡಿಗೆಯೇ ನನ್ನ ಗಂಡ ಕಟ್ಟೋದು.

ಆದ್ರೂ ನಿಮ್ಮ ಹೆದರಿಕೆಯ ಲೆಕ್ಕ ನನಗೆ ಗೊತ್ತು. ಹತ್ತು ಜನ ಐದೈದು ಕೊಟ್ಟ ಅಂಗಡಿಗೆ ಒಬ್ಬಳು ಬಂದು ಒಂದು ಕೊಟ್ರೆ 5.0 ಇದ್ದದ್ದು 4.6ಕ್ಕೆ ಇಳೀತದೆ. ನೂರು ಜನ ಕೊಟ್ಟಿದ್ರೆ ಅದೇ ಒಂದು ಸ್ಟಾರ್ ಬಂದ್ರೂ 4.96, ಕೂದಲೂ ಕೊಂಕೋದಿಲ್ಲ. ಹಾಗಾಗಿ ಎಲ್ಲರೂ ನೂರರ ಹಿಂದೆ ಓಡ್ತಾರೆ. ಓಡಿ, ಯಾರು ಬೇಡ ಅಂದ್ರು? ಮೂರು ದಿನ ಬಿಟ್ಟು ಓಡಿ. ನನ್ನ ನಂಬರ್ ನಿಮ್ಮ ಹತ್ರ ಉಂಟಲ್ಲ? ರಾಖಿ ಆಫರ್, ನವರಾತ್ರಿ ಆಫರ್, ಹಳದಿ-ಕುಂಕುಮ ಆಫರ್ ಅಂತ ವಾಟ್ಸಾಪ್ ಕಳಿಸ್ಲಿಕ್ಕೆ ಬರ್ತದೆ. "ಅಕ್ಕ, ತಲೆ ತೊಳೆದ್ರಾ, ಹೇಗೆ ಬಂತು" ಅಂತ ಒಂದು ಸಾಲು, ಕೆಳಗೆ ಒಂದು ಲಿಂಕ್ ಕಳಿಸ್ಲಿಕ್ಕೆ ಬರೋದಿಲ್ವಾ?

ಇನ್ನೊಬ್ಬರು ಕೇಳಿದ್ರು, ಕೆರಟಿನ್ ಸರಿ, ಹುಬ್ಬು ಮಾಡಿಸಿದ್ರೆ ಅಲ್ಲೇ ಕಾಣ್ತದಲ್ವಾ ಅಂತ. ಸರಿ, ಥ್ರೆಡಿಂಗಿಗೆ ರಿಯಾಯಿತಿ ಕೊಟ್ಟೆ, ತಗೊಳ್ಳಿ. ವ್ಯಾಕ್ಸಿಂಗ್? ಚರ್ಮದ ಒಳಗೇ ಸುರುಳಿ ಸುತ್ತಿ ಬೆಳೆಯುವ ಕೂದಲು ಎದ್ದು ಕಾಣ್ಲಿಕ್ಕೆ ವಾರ ಆಗ್ತದೆ. ಫೇಶಿಯಲ್ ಮಾಡಿಸಿದ ಮೇಲೆ ಬೊಕ್ಕೆ ಏಳೋದು ಮರುದಿನ, ಸಾಮಾನ್ಯವಾಗಿ ನಾದಿನಿಯ ಮದುವೆಯ ಬೆಳಿಗ್ಗೆ. ಇನ್ನು ಕಪ್ಪು ಹೇರ್ ಡೈ, ಇದನ್ನ ಸ್ವಲ್ಪ ಗಮನ ಕೊಟ್ಟು ಕೇಳಿ. ಅದರಲ್ಲಿ ಪಿಪಿಡಿ ಅಂತ ಒಂದು ರಾಸಾಯನಿಕ ಇರ್ತದೆ. ಅದು ಯಾರಿಗೆ ಆಗೋದಿಲ್ವೋ ಅವರಿಗೆ ತುರಿಕೆ, ಮುಖ ಊದುವುದು ಎಲ್ಲ ಶುರುವಾಗೋದು ಎಷ್ಟೋ ಸಲ ಒಂದೆರಡು ದಿನ ಕಳೆದ ಮೇಲೆ. ಅದಕ್ಕೇ ಡೈ ಪ್ಯಾಕೆಟ್ಟಿನ ಮೇಲೆ 48 ಗಂಟೆ ಮೊದಲು ಕಿವಿಯ ಹಿಂದೆಯೋ ಮೊಣಕೈಯ ಮಡಿಕೆಯಲ್ಲೋ ಸ್ವಲ್ಪ ಹಚ್ಚಿ ನೋಡಿ ಅಂತ ಬರೆದಿರ್ತದೆ. ಎಷ್ಟು ಪಾರ್ಲರಿನಲ್ಲಿ ನಿಮಗೆ ಹಾಗೆ ಹಚ್ಚಿ ನೋಡಿದ್ದಾರೆ? ನನಗಂತೂ ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಇಲ್ಲ. ಸ್ಟಾರ್ ಮಾತ್ರ ಬಟ್ಟಲು ತೊಳೆಯುವ ಮೊದಲೇ ಕೇಳ್ತಾರೆ. ಬಣ್ಣವಾದ್ರೂ ಸರಿ ಬಂತಾ ಅಂದ್ರೆ, ಆ ಕನ್ನಡಿ ಸುತ್ತ ಹತ್ತು ಬಲ್ಬ್ ಉರಿಯುವಾಗ ಬರ್ಗಂಡಿ ಕೆಂಪೂ ಕಪ್ಪೇ. ಹೊರಗೆ ಬಿಸಿಲಿಗೆ ಬಂದು ರಿಕ್ಷಾ ಕನ್ನಡಿಯಲ್ಲಿ ನೋಡಿದಾಗ ತಾನೇ ತಲೆ ಬೀಟ್‌ರೂಟ್ ಪಲ್ಯ ಆದದ್ದು ಗೊತ್ತಾಗೋದು?

ನಡುವೆ ಒಂದು ನಿಮಿಷ. ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿಯ ಎರಡನೇ ಭರಣಿ ತೆರೆದಾಯ್ತು. ಠಾಣೆಯಿಂದ ಕಲ್ಯಾಣದ ತನಕ ನಾನೇ ತಂದು ಕೊಡ್ತೇನೆ, ವಿವರ ಕೆಳಗೆ ಉಂಟು. ಹಾಗೇ ಈ ಪಾಡ್‌ಕಾಸ್ಟಿಗೆ ಐದು ಸ್ಟಾರ್ ಒತ್ತಿಬಿಡಿ, ಈಗಲೇ, ಮರ್ತು ಹೋಗ್ತದೆ. ಗೊತ್ತು, ಗೊತ್ತು, ಎಂತ ಹೇಳ್ತೀರಿ ಅಂತ ಗೊತ್ತು. ನಂದು ಬೇರೆ. ಇದನ್ನ ಕೇಳಿ ಯಾರಿಗೂ ಬೊಕ್ಕೆ ಏಳೋದಿಲ್ಲ.

ಎಲ್ಲಿದ್ದೆ? ಹಾಂ, ಪಾರ್ಲರಿನ ಸ್ಟಾರ್. ಈ ನಾಟಕಕ್ಕೆ ಲಂಚ ಬೇರೆ ಸೇರಿಕೊಂಡಿದೆ. "ಐದು ಸ್ಟಾರ್ ಕೊಟ್ರೆ ಮುಂದಿನ ಸಲ ಹತ್ತು ಪರ್ಸೆಂಟ್ ಕಡಿಮೆ." ರಿವ್ಯೂಗೆ ಬದಲಾಗಿ ರಿಯಾಯಿತಿ ಕೊಡೋದು ಗೂಗಲ್ಲಿನ ಸ್ವಂತ ನಿಯಮದಲ್ಲೇ ನಿಷಿದ್ಧ. ಕೆಲವು ಕಡೆ ಟ್ಯಾಬ್ಲೆಟ್ ಇಟ್ಟಿದ್ದಾರೆ. ನಗುಮುಖ ಒತ್ತಿದ್ರೆ ಸೀದಾ ಗೂಗಲ್ಲಿಗೆ ಕರ್ಕೊಂಡು ಹೋಗ್ತದೆ, ಅಳುಮುಖ ಒತ್ತಿದ್ರೆ ಮ್ಯಾನೇಜರಿಗೆ ಒಂದು ಗುಟ್ಟಿನ ಫಾರ್ಮು. ಅದೂ ನಿಷಿದ್ಧವೇ. ನಮ್ಮ ಬಿಐಎಸ್‌ನವರು, ಅದೇ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಮಾರ್ಕ್ ಕೊಡ್ತಾರಲ್ಲ ಅವರು, ಆನ್‌ಲೈನ್ ರಿವ್ಯೂ ಹೇಗೆ ಸಂಗ್ರಹಿಸ್ಬೇಕು, ಹೇಗೆ ಪ್ರಕಟಿಸ್ಬೇಕು ಅಂತ 2022ರಲ್ಲಿ ಒಂದು ಮಾನದಂಡವನ್ನೇ ತಂದ್ರು, ಐಎಸ್ 19000. ಅದನ್ನ ಆಗ ಕಡ್ಡಾಯ ಮಾಡ್ಲಿಲ್ಲ, ಇಷ್ಟ ಇದ್ದವರು ಪಾಲಿಸಿ ಅಂತ ಬಿಟ್ರು. ಇಷ್ಟ ಇದ್ದವರು! ಲೋಕಲ್‌ನಲ್ಲಿ ಇಷ್ಟ ಇದ್ದವರು ಟಿಕೆಟ್ ತೆಗೀರಿ ಅಂತ ಬೋರ್ಡ್ ಹಾಕಿ ನೋಡೋಣ.

ಆ ಹುಡುಗಿಯ ಮೇಲೆ ನನಗೇನೂ ಇಲ್ಲ, ಮೊದಲೇ ಹೇಳಿಬಿಡ್ತೇನೆ. ನಾಲ್ಕು ಗಂಟೆ ನಿಂತುಕೊಂಡು, ಆ ಹೊಗೆ ಕುಡೀತಾ, ನನ್ನ ಒಂದೊಂದೇ ಎಳೆಗೆ ಇಸ್ತ್ರಿ ಹಾಕಿದವಳು ಅವಳು. ಹೆಸರು ಬಂದ್ರೆ ಲೆಕ್ಕಕ್ಕೆ ಸೇರ್ತದೆ ಅಂತ ಅವಳೇ ಹೇಳಿದಳು. ಅದಕ್ಕೇ ಹೆಸರನ್ನೂ ಬರೆದೆ. ಅವಳ ಕೈಗೆ ಆ ಹಲಗೆ ಕೊಟ್ಟು, ತಾನು ಗಲ್ಲಾಪೆಟ್ಟಿಗೆ ಹಿಂದೆ ಕೂತವರಿದ್ದಾರಲ್ಲ, ಸಿಟ್ಟು ಅವರ ಮೇಲೆ.

ನಿಜವಾದ ರಿವ್ಯೂ ಎಲ್ಲಿ ಸಿಗ್ತದೆ ಗೊತ್ತುಂಟಾ? ಲೇಡೀಸ್ ಡಬ್ಬದಲ್ಲಿ. ಅಲ್ಲಿ ಸ್ಟಾರ್ ಇಲ್ಲ. ಒಬ್ಬಳು ದುಪ್ಪಟ್ಟಾ ಸರಿಸಿ "ನೋಡು, ಫೆಬ್ರವರಿಯಲ್ಲಿ ಮಾಡಿಸಿದ್ದು, ಇನ್ನೂ ನೆಟ್ಟಗಿದೆ" ಅಂತಾಳೆ. ನಾಲ್ಕು ಜನ ಮುಟ್ಟಿ ನೋಡ್ತಾರೆ. ಇನ್ನೊಬ್ಬಳು ಬಾಚಣಿಗೆಗೆ ಬಂದ ಕೂದಲಿನ ಫೋಟೋ ತೋರಿಸ್ತಾಳೆ. ಠಾಣೆ ಬರುವಷ್ಟರಲ್ಲಿ ಒಂದು ಪಾರ್ಲರ್ ಎದ್ದಿರ್ತದೆ, ಒಂದು ಬಿದ್ದಿರ್ತದೆ. ಯಾಕೆ ನಂಬ್ತೇವೆ? ಅವಳು ತಲೆ ತೊಳೆದು ಬಂದು ಹೇಳಿದ್ದು. ಹತ್ತು ಸಲ ತೊಳೆದು! ಮೊದಲ ಮಳೆಗೆ ನೆನೆದು!

ಮಾಟುಂಗಾದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ 1942ರಿಂದ ಊಟ ಹಾಕ್ತಿದ್ದಾರೆ. ಎಲೆಗೆ ಉಪ್ಪು ಬಡಿಸಿದ ಕೂಡ್ಲೇ ಊಟ ಹೇಗಿತ್ತು ಅಂತ ಕೇಳಿದ್ರೆ ನೀವು ಎಂತ ಹೇಳ್ತೀರಿ? ಉಪ್ಪು ಚೆನ್ನಾಗಿತ್ತು ಅಂತಲಾ?

ಮತ್ತೆ ಯಾರೋ ಬರೀತಾರೆ, "ಎಲ್ಲರೂ ಹೀಗೇ ಮಾಡೋದು ಮೇಡಂ." ಮಾಡ್ಲಿ! "ಐದು ಸ್ಟಾರ್ ಕೊಟ್ರೆ ನಿಮ್ಮ ಗಂಟು ಏನು ಹೋಗ್ತದೆ?" ನಾಲ್ಕೂವರೆ ಸಾವಿರ ಹೋಗಿದೆ ಸ್ವಾಮಿ, ಗಂಟು ಆಗಲೇ ಹೋಗಿದೆ! ತೊಳೆದ ಮೇಲೆ ಕೇಳಿ. ಅಷ್ಟೇ. ಬೇರೆ ಕಾರಣ ಎಂತದ್ದೂ ಇಲ್ಲ, ಕಾರಣ ಬೇಡ, ತೊಳೆದ ಮೇಲೆ ಕೇಳಿ.

ಇವತ್ತು ಬುಧವಾರ. ಮೂರು ದಿನ ತುಂಬಿತು. ಅರ್ಧ ಗಂಟೆ ಮೊದಲೇ ಗೀಸರ್ ಹಾಕಿ ಕೂತಿದ್ದೆ, ಅತ್ತೆ ಎರಡು ಸಲ ಬಾಗಿಲು ಬಡಿದು ಹೋದ್ರು, ಕರೆಂಟ್ ಬಿಲ್ ಬಗ್ಗೆ ಅವರದ್ದೂ ಒಂದು ರಿವ್ಯೂ ಉಂಟು. ಗೂಗಲ್‌ನಲ್ಲಿ ಬರೆದದ್ದನ್ನ ಆಮೇಲೆ ತಿದ್ದಲಿಕ್ಕೆ ಆಗ್ತದೆ, ಅದೊಂದು ಪುಣ್ಯ. ಮೈಕ್ ಆಫ್ ಮಾಡ್ತೇನೆ, ಟ್ಯಾಂಕರ್ ನೀರು ಖಾಲಿಯಾಗುವ ಮೊದಲು ಹೋಗ್ಬೇಕು.