ದಾರ ಕತ್ತರಿಸುತ್ತಾ ಕೇಳಿದ ಕಾದಂಬರಿ

ಈ ಶಬ್ದ ಕೇಳಿಸುತ್ತಿದೆಯಾ? ಕಚಕ್, ಕಚಕ್ ಅಂತ. ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ಅದು ನಮ್ಮಮ್ಮನ ಕತ್ತರಿ.

ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಜೀನ್ಸ್ ಪ್ಯಾಂಟು ಹೊಲಿದು ಮುಗಿದ ಮೇಲೆ ಅದರ ತುಂಬಾ ದಾರದ ತುದಿಗಳು ಉಳಿದಿರುತ್ತವೆ. ಜೇಬಿನ ಮೂಲೆ, ಬೆಲ್ಟ್ ಹಾಕುವ ಲೂಪು, ಜಿಪ್ಪಿನ ಬುಡ, ಎಲ್ಲಾ ಕಡೆ. ಅವನ್ನು ಕತ್ತರಿಸಿ ಕೊಡುವ ಕೆಲಸ ನಮ್ಮ ಮನೆಗೇ ಬರುತ್ತದೆ. ಪೀಸಿಗೆ ಇಷ್ಟು ಅಂತ ಲೆಕ್ಕ. ಬಟ್ಟೆ ಇನ್ನೂ ವಾಷಿಂಗ್‌ಗೆ ಹೋಗಿರುವುದಿಲ್ಲ, ಹಾಗಾಗಿ ಬಣ್ಣ ಕೈಗೆ ಬಿಡುತ್ತದೆ. ಅಮ್ಮನ ಬೆರಳು ನೋಡಿ, ಉಗುರಿನ ಸಂದಿಯವರೆಗೂ ನೀಲಿ. ನನ್ನ ಫೋನಿನ ಸ್ಕ್ರೀನಿನ ಮೇಲೂ ಒಂದು ನೀಲಿ ಹೆಬ್ಬೆಟ್ಟಿದೆ. ಕಥೆ ನಿಲ್ಲಿಸೋದು, ಮತ್ತೆ ಹಚ್ಚೋದು, ಎರಡೂ ಅವಳೇ ಮಾಡುತ್ತಾಳೆ.

ಹೌದು, ಕಥೆ. ಇವತ್ತಿನ ವಿಡಿಯೋ ಇರುವುದು ಅದರ ಬಗ್ಗೆ. ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಈ ಕತ್ತರಿಯ ಜೊತೆ 1899ರ ಒಂದು ಕಾದಂಬರಿ ಓಡುತ್ತಿದೆ.

ಶುರುವಾಗಿದ್ದು ಮಾತ್ರ ಬಸ್ಸಿನಲ್ಲಿ. ನನ್ನ ಕೆಲಸ ಹೊಸಪೇಟೆಯಲ್ಲಿ. ದಿನಾ ಕುಡತಿನಿ, ತೋರಣಗಲ್ಲು ದಾಟಿ ಹೋಗಬೇಕು, ದಾಟಿ ಬರಬೇಕು. ಬಸ್ಸಿನಲ್ಲಿ ಪುಸ್ತಕ ಹಿಡಿದರೆ ನನಗೆ ವಾಕರಿಕೆ. ರೀಲ್ಸ್ ನೋಡಿದರೆ ತಲೆನೋವು. ಉಳಿದಿದ್ದು ಕಿವಿ ಒಂದೇ. ಹುಡುಕುತ್ತಾ ಹೋದಾಗ ಲಿಬ್ರಿವಾಕ್ಸ್ ಅನ್ನುವ ಜಾಲತಾಣ ಸಿಕ್ಕಿತು. 2005ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯೂ ಮೆಕ್‌ಗ್ವಾಯರ್ ಅನ್ನುವವರು ಶುರು ಮಾಡಿದ್ದು. ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಜನ ತಮ್ಮ ತಮ್ಮ ಮನೆಯಲ್ಲಿ ಕೂತು ಓದಿ, ರೆಕಾರ್ಡ್ ಮಾಡಿ ಹಾಕುತ್ತಾರೆ. ದುಡ್ಡು ಕೊಡುವವರಿಲ್ಲ, ತಗೊಳ್ಳುವವರೂ ಇಲ್ಲ. ಅಲ್ಲಿ ಜನ ಮೊಟ್ಟಮೊದಲು ಓದಿ ಹಾಕಿದ್ದು ಜೋಸೆಫ್ ಕಾನ್ರಾಡ್ 1907ರಲ್ಲಿ ಬರೆದ 'ದಿ ಸೀಕ್ರೆಟ್ ಏಜೆಂಟ್'. ಹಕ್ಕು ಮುಗಿಯಬೇಕು ಅಂದರೆ ಪುಸ್ತಕ ಹಳೆಯದಾಗಿರಲೇಬೇಕಲ್ವಾ? ಹಾಗಾಗಿ 1890ರಿಂದ 1910ರ ಆಸುಪಾಸಿನ ಕಥೆಗಳು ಅಲ್ಲಿ ರಾಶಿ ಬಿದ್ದಿವೆ.

ನಾನು ಮೊದಲು ಹಚ್ಚಿದ್ದು ಷರ್ಲಾಕ್ ಹೋಮ್ಸ್‌ನ ಆ ಬಾಸ್ಕರ್‌ವಿಲ್ ನಾಯಿಯ ಕಥೆ. ಮೇ ತಿಂಗಳು. ಬಸ್ಸಿನ ಕಬ್ಬಿಣದ ಸರಳು ಮುಟ್ಟಿದರೆ ಸುಡುತ್ತಿತ್ತು. ಕಿಟಕಿಯಿಂದ ಕೆಂಪು ಧೂಳು. ಕಿವಿಯೊಳಗೆ ಮಾತ್ರ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲು, ಅಲ್ಲಿನ ಚಳಿ, ಮಂಜು. ಎರಡನೇ ಅಧ್ಯಾಯದ ಕೊನೆಗೆ ಡಾಕ್ಟರು ದನಿ ತಗ್ಗಿಸಿ, ಅದು ದೊಡ್ಡದೊಂದು ನಾಯಿಯ ಹೆಜ್ಜೆ ಗುರುತು ಅಂತ ಹೇಳುತ್ತಾನೆ. ಅಷ್ಟೊತ್ತಿಗೆ ಬಸ್ಸು ತೋರಣಗಲ್ಲಲ್ಲಿ ನಿಂತಿತು. ಪಕ್ಕದಲ್ಲಿದ್ದ ಅಜ್ಜಿ ಇಳಿಯಲು ನನ್ನ ತೋಳು ಹಿಡಿದಳು. ನಾನು ಕಿರುಚಿಬಿಟ್ಟೆ.

ಈ ಕಥೆ ಮೊದಲು ಬಂದಿದ್ದು 1901ರ ಆಗಸ್ಟ್‌ನಿಂದ 1902ರ ಏಪ್ರಿಲ್‌ವರೆಗೆ, ಸ್ಟ್ರಾಂಡ್ ಅನ್ನುವ ಮಾಸಪತ್ರಿಕೆಯಲ್ಲಿ, ತಿಂಗಳಿಗೊಂದು ಕಂತು. ಮುಂದಿನ ತಿಂಗಳವರೆಗೆ ಓದುಗರನ್ನು ಕಾಯಿಸಬೇಕು, ಹಾಗೆ ಕಟ್ಟಿದ್ದಾರೆ. ಹೊಸಪೇಟೆ ಬಸ್ಸಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಅಲ್ಲಿ ಓದುವವರೆಲ್ಲ ನಮ್ಮ ನಿಮ್ಮಂಥವರೇ. ಒಂದು ಪುಸ್ತಕವನ್ನು ಎಷ್ಟೋ ಸಲ ಹಲವರು ಹಂಚಿಕೊಂಡು ಓದುತ್ತಾರೆ. ಹೀಗಾಗಿ ಒಂದು ಅಧ್ಯಾಯದಲ್ಲಿ ಗಂಡಸಿನ ದನಿಯಲ್ಲಿ ಮಾತಾಡಿದ ಪತ್ತೇದಾರ ಮುಂದಿನ ಅಧ್ಯಾಯದಲ್ಲಿ ಹೆಂಗಸಿನ ದನಿಯಲ್ಲಿ ಮಾತಾಡಬಹುದು. ಯಾರದೋ ಕುರ್ಚಿ ಕಿರ್ ಅನ್ನುತ್ತದೆ. ಯಾರೋ ಎಂಜಲು ನುಂಗಿದ್ದೂ ಕೇಳುತ್ತದೆ. ನನಗೆ ಅದು ಇಷ್ಟ. ಹಣ ಕೊಟ್ಟು ಕೇಳುವ ಆಡಿಯೋ ಪುಸ್ತಕಗಳಲ್ಲಿ ದನಿ ಎಷ್ಟು ನುಣುಪಾಗಿರುತ್ತದೆ ಅಂದರೆ, ಹತ್ತು ನಿಮಿಷಕ್ಕೆ ನಿದ್ದೆ ಬರುತ್ತದೆ. ಪ್ರತಿ ಅಧ್ಯಾಯದ ಶುರುವಿಗೆ ಇದು ಲಿಬ್ರಿವಾಕ್ಸ್ ಧ್ವನಿಮುದ್ರಣ ಅಂತ ಹೇಳುತ್ತಾರೆ, ಓದುವವರು ಹೆಸರನ್ನೂ ಹೇಳುವುದುಂಟು. ಅದನ್ನು ಕೇಳಿದಾಗೆಲ್ಲ ಗೌಹರ್ ಜಾನ್ ನೆನಪಾಗುತ್ತಾಳೆ. 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮೊಫೋನಿಗೆ ಹಾಡಿ, ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿದಳಲ್ಲ, ಅವಳು. ಆಗಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷದ ಹಾಡು ಹಿಡಿದರೆ ಹೆಚ್ಚು. ಕಾದಂಬರಿ ಹಿಡಿಸಬೇಕು ಅಂದಿದ್ದರೆ ಒಂದು ಎತ್ತಿನ ಗಾಡಿ ತಟ್ಟೆ ಬೇಕಾಗುತ್ತಿತ್ತು.

ಸರಿ, ಮನೆಗೆ ಬರೋಣ.

ಅಮ್ಮ ಮೊದಲು ಧಾರಾವಾಹಿ ಹಚ್ಚಿಕೊಂಡು ದಾರ ಕತ್ತರಿಸುತ್ತಿದ್ದಳು. ಧಾರಾವಾಹಿಯ ತೊಂದರೆ ಏನೆಂದರೆ ತಲೆ ಎತ್ತಬೇಕು. ಸೊಸೆ ಬಾಗಿಲಲ್ಲಿ ನಿಂತಳು ಅಂತ ಸಂಗೀತ ಜೋರಾಗುತ್ತದೆ, ಇವಳು ತಲೆ ಎತ್ತುತ್ತಾಳೆ, ಕತ್ತರಿ ಬಟ್ಟೆಗೆ ಬೀಳುತ್ತದೆ. ಹಾಗೆ ಒಂದು ದಿನ ಮೂರು ಲೂಪು ಹೋದವು. ಕೆಲಸ ಕೊಡುವವರು ಆ ವಾರದ ಲೆಕ್ಕದಲ್ಲಿ ಹಿಡಿದುಕೊಂಡರು. ಅವತ್ತಿನಿಂದ ಟೀವಿ ಬಂದ್.

ನಾನು ರಾತ್ರಿ ಊಟಕ್ಕೆ ಕೂತಾಗ ಆ ನಾಯಿಯ ಕಥೆ ಹೇಳಲು ಶುರು ಮಾಡಿದೆ. ಎರಡು ದಿನ ಕೇಳಿದಳು. ಮೂರನೇ ದಿನ, "ನಾಯಿ ಕಥಿ ಸಾಕು ಬಿಡು. ನಮ್ಮ ಕಡಿ ಕಥಿ ಇಲ್ಲೇನು?" ಅಂದಳು.

ಇದ್ದವು. ಷರ್ಲಾಕ್ ಹೋಮ್ಸ್ ಓಡಾಡಿದ ಕಾಲಕ್ಕೇ ಕನ್ನಡದಲ್ಲೂ ಕಾದಂಬರಿ ಹುಟ್ಟುತ್ತಿತ್ತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದಿದ್ದು 1899ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಕಾಲೇಜಿನಲ್ಲಿ ಎರಡು ಅಂಕಕ್ಕೆ ಬರೆದಿದ್ದೆ. ಬರೆದವರು ಪೊಲೀಸ್ ಇಲಾಖೆಯಲ್ಲಿ ಇದ್ದವರು. ಡಿಗ್ರಿಯಲ್ಲಿ ಓದಲು ಹೋಗಿ ಇಪ್ಪತ್ತನೇ ಪುಟಕ್ಕೆ ಕೈ ಚೆಲ್ಲಿದ್ದೆ. ಒಂದೊಂದು ವಾಕ್ಯ ಅರ್ಧ ಪುಟ. ಕ್ರಿಯಾಪದ ಸಿಗುವ ಹೊತ್ತಿಗೆ ಕರ್ತೃ ಯಾರು ಅಂತ ಮರೆತೇ ಹೋಗುತ್ತಿತ್ತು.

ಅಮ್ಮನಿಗಾಗಿ ಅದನ್ನೇ ಗಟ್ಟಿಯಾಗಿ ಓದಿದೆ. ಮೊದಲ ದಿನ ನಾನೇ ತಡವರಿಸಿದೆ. ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಾಗಲಿಲ್ಲ. ಮೂರನೇ ದಿನ ಗೊತ್ತಾಯಿತು. ಆ ಉದ್ದದ ವಾಕ್ಯ ಹೆದರುವಂಥದ್ದೇನೂ ಆಗಿರಲಿಲ್ಲ. ಅಮ್ಮ ಪೇಟೆಗೆ ಹೋಗಿ ಬಂದದ್ದನ್ನು ಹೇಳುವುದು ಕೇಳಿ: "ಮಾರ್ಕೆಟ್ಟಿಗೆ ಹೋಗಿ, ಉಳ್ಳಾಗಡ್ಡಿ ತಗೊಂಡು, ಆಟೋ ಸಿಗದಂಗಾಗಿ, ನಡಕೋಂತ ಬಂದು, ಮೂಲಿಮನಿ ಅಕ್ಕ ಕರದ್ಲು ಅಂತ ಒಳಗ ಹೋಗಿ, ಚಾ ಕುಡದು, ಬರೋತನ ಇಷ್ಟೊತ್ತಾತು." ಇದು ಒಂದೇ ವಾಕ್ಯ. ಹೋಗಿ, ಬಂದು, ನೋಡಿ, ಕೇಳಿ ಅಂತ ಕೊಂಡಿ ಹಾಕುತ್ತಾ ಹೋಗುವುದು. ಕಣ್ಣಿಗೆ ಅದು ಗೋಡೆ ಇದ್ದ ಹಾಗೆ ಕಾಣುತ್ತದೆ. ಕಿವಿಗೆ ಮೆಟ್ಟಿಲು. ನಾನು ಕಾಲೇಜಿನಲ್ಲಿ ಸೋತಿದ್ದು ಇಲ್ಲೇ, ಕಿವಿಯಿಂದ ಓದಬೇಕಾದ್ದನ್ನು ಕಣ್ಣಿನಿಂದ ಓದಲು ಹೋಗಿ.

ನಮ್ಮಜ್ಜ ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ಶ್ರಾವಣಕ್ಕೆ ಪುರಾಣ ಓದುತ್ತಿದ್ದ. ಒಬ್ಬ ಓದುವುದು, ಕಟ್ಟೆ ತುಂಬಾ ಜನ ಕೇಳುವುದು. ನಡುವೆ ಯಾರಾದರೂ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಅಜ್ಜ ಕನ್ನಡಕ ತೆಗೆದು, ಯಾರು ಮಲಗಿದ್ದಾರೆ ಅಂತ ನೋಡುತ್ತಿದ್ದನಂತೆ. ಅಮ್ಮ ಆ ಕಟ್ಟೆಯಲ್ಲಿ ಬೆಳೆದವಳು. ಹಾಗಾಗಿ ಅವಳಿಗೆ ಸುಮ್ನೆ ಕೇಳಲು ಬರುವುದಿಲ್ಲ.

ಕಥೆಯ ಊರು ಕಮಲಪುರ. ಹೆಸರು ಬಂದ ತಕ್ಷಣ, "ಹಂಪಿ ಹತ್ರದ ಕಮಲಾಪುರನಾ? ನಿಮ್ಮ ಚಿಕ್ಕಮ್ಮನ ಕೊಟ್ಟ ಊರು!" ಅಂದಳು. ಇಲ್ಲಮ್ಮಾ, ಇದು ಬೇರೆ, ಕರಾವಳಿ ಕಡೆಯ ಕಥೆ ಅಂದೆ. ಒಪ್ಪಲಿಲ್ಲ. ಈಗಲೂ ಅವಳ ಇಂದಿರಾಬಾಯಿ ತುಂಗಭದ್ರಾ ಅಣೆಕಟ್ಟಿನ ಕಾಲುವೆ ಪಕ್ಕ, ಬಾಳೆತೋಟದ ನಡುವೆ ಓಡಾಡುತ್ತಿದ್ದಾಳೆ. ಆಗ ಆ ಕಾಲುವೆಯೇ ಇರಲಿಲ್ಲ ಅಂತ ಹೇಳುವ ಧೈರ್ಯ ನನಗಿಲ್ಲ. ಒಂದು ಮಾತು ಮಾತ್ರ ಅವಳ ಕಡೆಗಿದೆ. ಆಗ ಮಂಗಳೂರೂ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಹಾಗೆ ನೋಡಿದರೆ ಅದು ನಮ್ಮ ಕಡೆಯ ಕಥೆಯೇ.

ಇಂದಿರೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಮನೆಯಲ್ಲಿ ದುಡ್ಡಿದೆ, ಓದಲು ಬಿಡುವುದಿಲ್ಲ. ಅಪ್ಪ ಅಮ್ಮ ಸಂತರು ಅನ್ನಿಸಿಕೊಂಡ ಒಂದು ಗುಂಪಿನ ಕಾಲಿಗೆ ಬೀಳುತ್ತಾರೆ. ಆ ಸಂತರ ನಡತೆ ಮಾತ್ರ ಸರಿಯಿಲ್ಲ. ಮಗಳು ಒಂದು ದಿನ ಮನೆಬಿಟ್ಟು ಹೋಗಿ, ಅಮೃತರಾಯ ಅನ್ನುವ ಒಳ್ಳೆಯವರ ಮನೆ ಸೇರುತ್ತಾಳೆ. ಮುಂದೆ ಓದುತ್ತಾಳೆ, ಮರುಮದುವೆಯೂ ಆಗುತ್ತದೆ. 1899ರಲ್ಲಿ ಇದನ್ನು ಬರೆದಿದ್ದಾರೆ ಅಂದರೆ ಗಟ್ಟಿ ಗುಂಡಿಗೆಯೇ ಬೇಕು.

ಅವಳು ಮನೆಬಿಡುವ ಭಾಗ ಓದುವಾಗ ಒಂದು ವಿಷಯ ಗಮನಿಸಿದೆ. ಕಚಕ್ ನಿಂತಿತ್ತು. ತಲೆ ಎತ್ತಿ ನೋಡಿದರೆ ಅಮ್ಮನ ತೊಡೆಯ ಮೇಲೆ ಪ್ಯಾಂಟು, ಕತ್ತರಿಯ ಬಾಯಿ ತೆರೆದೇ ಇದೆ, ನಡುವೆ ಒಂದು ಹಳದಿ ದಾರ. ನನಗೂ ಬಾಯಿ ಒಣಗಿತ್ತು, ನೀರು ಕುಡಿಯೋಣ ಅಂತ ನಿಲ್ಲಿಸಿದೆ. "ಲೇ, ಬಂದ್ ಮಾಡಬ್ಯಾಡ. ಹುಡುಗಿ ಬಾಗಲ ದಾಟಿದ್ಲೋ ಇಲ್ಲೋ?" ದಾಟಿದಳು ಅಂದೆ. ಕಚಕ್. ದಾರ ಬಿತ್ತು.

ಅವತ್ತಿನಿಂದ ಕತ್ತರಿಯೇ ನನ್ನ ವಿಮರ್ಶಕ. ಅದು ನಿಂತರೆ ಕಥೆ ಚೆನ್ನಾಗಿದೆ. ಉಪದೇಶದ ಭಾಗ ಬಂದರೆ ಕತ್ತರಿ ಮಿಷನ್ ಥರ ಓಡುತ್ತದೆ. ಗುಲ್ವಾಡಿಯವರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಉಪದೇಶ ಜಾಸ್ತಿಯೇ ಇದೆ. ಸದ್ಗುಣದ ಬಗ್ಗೆ ಎರಡು ಪುಟ ಬಂದ ಸಂಜೆ ಅಮ್ಮ ದಿನಕ್ಕಿಂತ ಹೆಚ್ಚು ಪೀಸ್ ಮುಗಿಸಿ ಎದ್ದಳು.

ಇದನ್ನು ರೆಕಾರ್ಡ್ ಮಾಡಿ ಹಾಕೋಣ ಅನ್ನುವ ಹುಚ್ಚು ಬಂದಿದ್ದು ಆಮೇಲೆ. ಕಾನೂನಿನ ಪ್ರಕಾರ ತೊಂದರೆ ಇಲ್ಲ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಗುಲ್ವಾಡಿಯವರು ತೀರಿಕೊಂಡಿದ್ದು 1913ರಲ್ಲಿ. ತೊಂದರೆ ಕೊಟ್ಟಿದ್ದು ನಮ್ಮ ಓಣಿ. ನೀರಿನ ಟ್ಯಾಂಕರ್, ಪಕ್ಕದ ಮನೆಯ ಹೊಲಿಗೆ ಮಿಷನ್, ದೂರದ ರೈಲಿನ ಹಾರನ್, ಕುಕ್ಕರಿನ ಸೀಟಿ. ಫ್ಯಾನ್ ಹಾಕಿದರೆ ಫೋನಿನಲ್ಲಿ ಹೊಳೆ ಹರಿದ ಸದ್ದು. ಬಟ್ಟೆ ಸುತ್ತ ಇದ್ದರೆ ದನಿ ಗುಂಯ್‌ಗುಡುವುದಿಲ್ಲ ಅಂತ ಎಲ್ಲೋ ಕೇಳಿದ್ದೆ. ಅಜ್ಜಿಯ ಕೌದಿ ತೆಗೆದು, ತಲೆ ತುಂಬಾ ಹೊದ್ದು, ಒಳಗೆ ಟಾರ್ಚ್ ಹಿಡಿದು ಓದಿದೆ. ಇಲ್ಲಿ ನೋಡಿ, ತಮ್ಮ ತೆಗೆದ ಫೋಟೋ. ಬಳ್ಳಾರಿಯ ಸೆಕೆಯಲ್ಲಿ ಕೌದಿ! ಹತ್ತು ನಿಮಿಷಕ್ಕೆ ಬೆವರು ಪುಟದ ಮೇಲೆ ತೊಟ್ಟಿಕ್ಕಿತು. ಅಷ್ಟು ಮಾಡಿ ಕೇಳಿದರೆ, ದನಿ ಶುದ್ಧವಾಗಿದೆ, ಜೀವ ಇಲ್ಲ. ವಾರ್ತೆ ಓದಿದ ಹಾಗಿತ್ತು. ಎದುರಿಗೆ ಹೂಂ ಅನ್ನುವವರು ಇಲ್ಲದೆ ನನಗೆ ಓದಲು ಬರುವುದೇ ಇಲ್ಲ ಅಂತ ಅವತ್ತು ಗೊತ್ತಾಯಿತು.

ಅದನ್ನು ಅಳಿಸಿದೆ. ಕೌದಿ ಮಡಚಿಟ್ಟೆ. ಈಗ ಅಮ್ಮನ ಎದುರಿಗೇ ಓದುತ್ತೇನೆ, ಫೋನು ನಡುವೆ ಇರುತ್ತದೆ. ಕತ್ತರಿಯ ಸದ್ದು ಇರುತ್ತದೆ. ಅವಳ "ಮುಂದ?" ಇರುತ್ತದೆ. ಒಂದು ಕಡೆ ಆ ಸಂತರಿಗೆ ಅವಳು ಬೈದ ಬೈಗುಳ ಇದೆ, ಅದನ್ನು ಮಾತ್ರ ಕತ್ತರಿಸಿದ್ದೇನೆ. ನೆರೆಮನೆಯವರ ಮಾನದ ಪ್ರಶ್ನೆ.

ಮುಂದಿನದ್ದಕ್ಕೆ ನನ್ನ ಆಸೆ ಗಳಗನಾಥರ 'ಮಾಧವ ಕರುಣಾ ವಿಲಾಸ'. ವಿಜಯನಗರ ಕಟ್ಟಿದ ಕಥೆ, ನಮ್ಮ ಪಕ್ಕದ್ದೇ. ಗಳಗನಾಥರು ತಮ್ಮ ಪುಸ್ತಕದ ಗಂಟು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಅಮ್ಮ ಎಂ.ಎಸ್. ಪುಟ್ಟಣ್ಣನವರ 1915ರ ಕಾದಂಬರಿಯೇ ಆಗಬೇಕು ಅನ್ನುತ್ತಿದ್ದಾಳೆ. ಅದರ ಒಂದು ಸಾಲೂ ಅವಳಿಗೆ ಗೊತ್ತಿಲ್ಲ. 'ಮಾಡಿದ್ದುಣ್ಣೋ ಮಹಾರಾಯ' ಅನ್ನುವ ಹೆಸರು ಕೇಳಿದಾಗ, ಲೂಪಿನ ದುಡ್ಡು ಹಿಡಿದುಕೊಂಡವರು ನೆನಪಾದರಂತೆ.

ಅದು ಆಮೇಲೆ. ಈಗ ರಾತ್ರಿ ಎಂಟೂವರೆ. ಟ್ಯಾಂಕರ್ ಹೋಯಿತು, ಪಕ್ಕದ ಮನೆಯ ಮಿಷನ್ ನಿಂತಿದೆ. ಅಮ್ಮ ಹೊಸ ಗಂಟು ಬಿಚ್ಚಿದ್ದಾಳೆ. ಕಥೆಯಲ್ಲಿ ಇಂದಿರೆಯನ್ನು ಮದುವೆಯಾಗಲಿರುವ ಭಾಸ್ಕರ ಇಂಗ್ಲೆಂಡಿನಿಂದ ಬರುವುದು ಬಾಕಿ ಇದೆ. ಫ್ಯಾನ್ ಆಫ್ ಮಾಡುತ್ತೇನೆ, ತಡೀರಿ.